ಥಳಿ ಹೊಡೆಯದ ಅಂಗಳ

ನಮ್ಮ ಗೋದಾಮಿನ ಗಾಳಿ ಉತ್ತಮವಾಗಿದೆ ಎಂದು ಸರ್ಕಾರದ ಪೆಟ್ಟಿಗೆ ಹೇಳಿದ ಮರುದಿನ, ನನ್ನ ನೆಗೆಣ್ಣಿ ಅದೇ ಗೋದಾಮಿನ ಗೋಡೆ ಹಿಡಿದು ಉಸಿರಿಗಾಗಿ ಒದ್ದಾಡುತ್ತಿದ್ದಳು. ಬಾಯಿ ತೆರೆದೇ ಇತ್ತು. ಎದೆಯೊಳಗಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಆವತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇದನ್ನೆಲ್ಲ ಬರೆಯಬೇಡ, ಅನ್ನ ಹಾಕುವ ಮನೆಯ ಮಾತು ಊರ ಮುಂದೆ ಯಾಕೆ ಎಂದವರು ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕಾ ಎಂದೇ ಕರೆಯುತ್ತೇನೆ. ನಾನು ಈ ಮನೆಗೆ ಬಂದಾಗ ಪಿಯುಸಿ ಮುಗಿಸಿದ ಹುಡುಗಿ, ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅದನ್ನು ಕಲಿಸಿದವಳು ಅವಳು. ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವುದನ್ನು ಕಲಿಸಿದವಳೂ ಅವಳೇ. ನಮ್ಮೂರು ಕುಂದಗೋಳ ತಾಲೂಕಿನಲ್ಲಿ, ಯರಗುಪ್ಪಿಯ ಕಡೆಗೆ ಇದೆ. ಸುತ್ತ ಕಪ್ಪು ಮಣ್ಣಿನ ಎರಿ ಹೊಲ. ಸಂಕ್ರಾಂತಿ ದಾಟಿತೆಂದರೆ ಹೊಲದಿಂದ ಕೆಂಪು ಕಾಯಿ ಬರತೊಡಗುತ್ತದೆ. ಊರ ಹೊರಗೆ ಸಾವ್ಕಾರರ ಗೋದಾಮಿದೆ. ಮೇಲೆ ತಗಡು, ಸುತ್ತ ಗೋಡೆ, ಒಂದು ಬಾಗಿಲು. ಅಲ್ಲಿ ನಾವು ಹೆಂಗಸರು ಸಾಲಾಗಿ ಕುಳಿತು, ಒಂದೊಂದೇ ಕಾಯಿ ಎತ್ತಿಕೊಂಡು ಅದರ ತುಂಬು ಮುರಿದು ಬೇರೆ ಮಾಡುತ್ತೇವೆ. ತುಂಬು ಇಲ್ಲದ ಕಾಯಿಗೆ ಹೊರಗೆ ಹೆಚ್ಚು ಬೆಲೆ. ನಮಗೆ ತೂಕದ ಮೇಲೆ ಕೂಲಿ.

ಈ ಕೆಲಸ ಮಾಡದವರಿಗೆ ಘಾಟು ಎಂದರೆ ಒಗ್ಗರಣೆ ಸೀದಾಗ ಬರುವ ಕೆಮ್ಮು. ಬಾಗಿಲು ಕಿಟಕಿ ತೆರೆದರೆ ಮುಗಿಯಿತು. ನಮಗೆ ಹಾಗಲ್ಲ. ಒಣ ಕಾಯಿಯ ಚೀಲ ಸುರಿದರೆ ಕೆಂಪು ದೂಳು ಏಳುತ್ತದೆ, ಖಾಲಿ ಚೀಲ ಝಾಡಿಸಿದರೆ ಇನ್ನಷ್ಟು ಏಳುತ್ತದೆ. ಸಂಜೆಯವರೆಗೂ ಅದು ನೆಲಕ್ಕೆ ಇಳಿಯುವುದಿಲ್ಲ, ನಮ್ಮೊಳಗೆ ಇಳಿಯುತ್ತದೆ. ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ, ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತೇವೆ, ಬಾಯಿಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಳ್ಳುತ್ತೇವೆ. ಮನೆಗೆ ಹೋಗಿ ಮಜ್ಜಿಗೆಯಲ್ಲಿ ಕೈ ಅದ್ದಿ ಕೂರುತ್ತೇವೆ. ನನ್ನ ಮಗಳು ಸಣ್ಣವಳಿದ್ದಾಗ ಈ ಹಂಗಾಮಿನಲ್ಲಿ ನಾನು ಅವಳ ಮುಖ ತೊಳೆದವಳಲ್ಲ. ನನ್ನ ಕೈ ಮುಟ್ಟಿದರೆ ಅವಳು ಕಿಟಾರನೆ ಕಿರಿಚುತ್ತಿದ್ದಳು. ಅಜ್ಜಿಯೇ ಸ್ನಾನ ಮಾಡಿಸುವುದು, ಅಜ್ಜಿಯೇ ತುತ್ತು ಕೊಡುವುದು. ತಾಯಿಯ ಕೈ ಕಂಡರೆ ಮಗು ಹಿಂದೆ ಸರಿಯುವುದನ್ನು ನೋಡಿದವರಿಗೆ ಮಾತ್ರ ಗೊತ್ತು, ಆ ಸಂಕಟ ಕಾಯಿಗಿಂತ ಖಾರ.

ಅಕ್ಕನಿಗೆ ದಮ್ಮು ಹತ್ತಿದ್ದು ಈ ಗೋದಾಮಿನಲ್ಲೇ. ಅವಳ ತವರಿನಲ್ಲಿ ಯಾರಿಗೂ ಅದು ಇರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಕೆಲಸ ಬಿಡು ಎಂದರು. ಬಿಟ್ಟು ಏನು ಮಾಡಬೇಕೆಂದು ಅವರು ಹೇಳಲಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಹೆಂಗಸರಿಗೆ ಮತ್ತೊಂದು ಕೆಲಸವಿಲ್ಲ. ಗಾಳಿ ಹೊರಗೆ ಎಳೆಯುವ ಫ್ಯಾನು ಹಾಕಿಸಿರಿ ಎಂದು ನಾವು ಸಾವ್ಕಾರರಿಗೆ ಹೇಳದೆ ಇರಲಿಲ್ಲ. ಹೇಳಿದಾಗಲೆಲ್ಲ ಅವರು ಒಂದೇ ರಾಗ ತೆಗೆಯುತ್ತಿದ್ದರು.

"ಗಾಳಿ ಆಡಿತಂದ್ರ ಕಾಯಿ ಭಾಳ ಒಣಗತಾವ ತಂಗಿ. ಒಣಗಿದ್ರ ಮುರೀತಾವ, ಬಣ್ಣಾನೂ ಹೊಕ್ಕೈತಿ. ನಿಮಗ ಗಾಳಿ ಬೇಕಂದ್ರ ಹೊರಗ ಹೋಗಿ ಕುಂದರ್ರಿ ಒಂದಿಷ್ಟು ಹೊತ್ತು."

ಹೊರಗೆ ಕುಳಿತ ಹೊತ್ತಿಗೆ ಕೂಲಿ ಇಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನಮಗೂ ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ.

ಹೀಗಿರುವಾಗ ರಾಜ್ಯ ಸರ್ಕಾರದ ಹೊಸ ನೀತಿಯ ಸುದ್ದಿ ಬಂತು. ಹಳ್ಳಿಯ ಮಾಲು ವಿಮಾನ ಹತ್ತಿ ಹೊರದೇಶಕ್ಕೆ ಹೋಗಬೇಕಂತೆ. ಸಾವ್ಕಾರರು ಒಂದು ಮುಂಜಾನೆ ನಮ್ಮನ್ನೆಲ್ಲ ಕೂಡಿಸಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತು ಭಾಷಣದ ಧಾಟಿಯಲ್ಲಿ ಹೇಳಿದರು. ತುಂಬು ಬಿಡಿಸಿದ ಚಂದದ ಕಾಯಿಯನ್ನು ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿ ಹುಬ್ಬಳ್ಳಿಯಿಂದ ವಿಮಾನಕ್ಕೆ ಹಾಕುವುದು. ಆದರೆ ಹೊರದೇಶದವರು ಸುಮ್ಮನೆ ತಗೊಳ್ಳುವುದಿಲ್ಲ. ಮಾಲು ತಯಾರಾಗುವ ಜಾಗ ಚೊಕ್ಕ ಇರಬೇಕು, ಅಲ್ಲಿಯ ಗಾಳಿಯೂ ಚೊಕ್ಕ ಇರಬೇಕು. ಸರ್ಕಾರದವರು ಬಂದು ಅಳೆಯುತ್ತಾರೆ. ಗಾಳಿ ಕೆಟ್ಟಿದ್ದರೆ ಫ್ಯಾನು ಹಾಕಿಸಲೇಬೇಕು, ಅದರ ಖರ್ಚಿನಲ್ಲಿ ಸರ್ಕಾರವೂ ಕೈ ಹಚ್ಚುತ್ತದೆ. ಚೆನ್ನಾಗಿದ್ದರೆ ನೇರ ಪರವಾನಗಿ.

ಫ್ಯಾನು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಕ್ಕ ನನ್ನ ಮೊಳಕೈ ಹಿಡಿದು ಹಿಂಡಿದಳು. ವ್ಯಾಪಾರ, ವಿಮಾನ, ಗಾಳಿ, ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ಆ ಪುಣ್ಯಾತ್ಮರು ಯಾರೋ ನನಗೆ ಗೊತ್ತಿಲ್ಲ. ಆ ಗಳಿಗೆಯಲ್ಲಿ ಮಾತ್ರ ಅವರ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ. ಧಾರವಾಡಕ್ಕೆ ಹೋದಾಗಲೆಲ್ಲ ಸರ್ಕಲ್ಲಿನಲ್ಲಿ ಗಾಳಿಯ ಲೆಕ್ಕ ತೋರಿಸುವ ದೀಪದ ಹಲಗೆ ನೋಡಿದ್ದೆ. ಕಾರು, ಸ್ಕೂಟರಿನಲ್ಲಿ ಹೋಗುವವರಿಗೆ ತಾವು ಉಸಿರಾಡುವ ಗಾಳಿ ಎಂಥದೆಂದು ಸರ್ಕಾರ ದಿನಾಲು ಹೇಳುತ್ತದೆ. ನಮ್ಮ ಗಾಳಿಯನ್ನು ಕೇಳುವವರೇ ಇಲ್ಲವೆಂದುಕೊಂಡಿದ್ದೆ. ಕೊನೆಗೂ ಕೇಳುವವರು ಬಂದರು, ನಮ್ಮ ಸಲುವಾಗಿ ಅಲ್ಲ, ಕಾಯಿಯ ಸಲುವಾಗಿ. ಇರಲಿ, ಬಂದರಲ್ಲ!

"ನಾವು ಬಸ್ಸಿನ್ಯಾಗ ನಿಂತು ಹೋಗಾಕ ಜಾಗಾ ಇಲ್ಲ, ನಾವು ಮುಟ್ಟಿದ ಕಾಯಿ ವಿಮಾನದಾಗ ಕುಂತು ಹೊಕ್ಕಾವ ನೋಡ" ಎಂದಳು ಅಕ್ಕ, ಕಾಯಿ ಮುರಿಯುತ್ತ. ಆವತ್ತು ಗೋದಾಮಿನಲ್ಲಿ ನಗೆಯೂ ಇತ್ತು, ಕೆಮ್ಮೂ ಇತ್ತು.

ಅಳೆಯುವವರು ಬರುವ ದಿನ ಗೊತ್ತಾಯಿತು. ಇನ್ನು ಮುಂದಿನದನ್ನು ಓದಿ ನೀವು ನಕ್ಕರೆ ನನ್ನ ತಕರಾರಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲದೆ ಬೇರೆ ಯಾರೂ ಇಂಥ ಕೆಲಸ ಮಾಡಲಿಕ್ಕಿಲ್ಲ.

ಮುಂಜಾನೆ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ ಥಳಿ ಹೊಡೆದು, ರಂಗೋಲಿ ಎಳೆಯುವುದು ನಮಗೆ ಉಸಿರಾಡಿದಷ್ಟು ಸಹಜ. ಅದರಲ್ಲೂ ಮನೆಗೆ ಮಂದಿ ಬರುತ್ತಾರೆಂದರೆ ಒಂದು ಕೊಡದ ಬದಲು ನಾಲ್ಕು ಕೊಡ ಹೊಡೆಯುತ್ತೇವೆ. ಆವತ್ತು ಎಲ್ಲರಿಗಿಂತ ಮೊದಲು ಗೋದಾಮಿಗೆ ಬಂದವಳು ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ ದಂಡನಾಯಕಿಯಂತೆ ನಿಂತಳು.

"ಧಾರವಾಡದಿಂದ ಮಂದಿ ಬರ್ತಾರ, ಒಣಾ ಅಂಗಳದಾಗ ಕಾಲಿಡಾಕ ಹಚ್ಚತೀರೇನ? ಹೊಡೀರಿ ನೀರು!"

ಹೊಡೆದೆವು. ಅಂಗಳಕ್ಕೆ ಹೊಡೆದೆವು, ಬಾಗಿಲ ಮುಂದೆ ಹೊಡೆದೆವು. ಅಷ್ಟಕ್ಕೇ ಸಮಾಧಾನವಾಗದೆ ಗೋದಾಮಿನ ಒಳಗಿನ ನೆಲಕ್ಕೂ ಹೊಡೆದೆವು. ಗೋಡೆಗೆ ಹತ್ತಿದ್ದ ದೂಳನ್ನು ಒದ್ದೆ ಅರಿವೆಯಿಂದ ಒರೆಸಿದೆವು. ಕಾಯಿಯ ರಾಶಿಗೆ ತಾಡಪತ್ರಿ ಹೊದಿಸಿದೆವು. ಬಂದವರಿಗೆ ಸೀನು ಬಂದರೆ ನಮ್ಮ ಮರ್ಯಾದೆ ಏನಾಗಬೇಕು? ಯಾರೂ ಒಂದು ಕಾಯಿ ಮುಟ್ಟಲಿಲ್ಲ. ಒಗೆದ ಸೀರೆ ಉಟ್ಟು, ಕುಂಕುಮ ಹಚ್ಚಿಕೊಂಡು, ಗೋಡೆಗೆ ಆತು ಸಾಲಾಗಿ ನಿಂತೆವು.

ಬಂದವರು ಒಬ್ಬ ಅಧಿಕಾರಿ ಮೇಡಂ. ಮೈಸೂರು ಕಡೆಯ ಮಾತು, ಮೆತ್ತಗಿನ ದನಿ. ಡ್ರೈವರು ಕಾರಿನಿಂದ ಒಂದು ಬಿಳಿ ಪೆಟ್ಟಿಗೆ ಇಳಿಸಿ ಗೋದಾಮಿನ ನಡುವೆ ಸ್ಟೂಲಿನ ಮೇಲೆ ಇಟ್ಟ. ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತ ಗಾಳಿ ಎಳೆದುಕೊಳ್ಳುತ್ತಿತ್ತು. ಅದು ಅಳೆಯುವಷ್ಟು ಹೊತ್ತೂ ನಾವು ಮೇಡಮ್ಮಿಗೆ ಮಂಡಕ್ಕಿಯ ಸುಸಲ, ಮಿರ್ಚಿ ಭಜಿ, ಚಹಾ ಕೊಟ್ಟೆವು. ಇನ್ನೊಂದು ಮಿರ್ಚಿ ತಗೊಳ್ರಿ ಎಂದು ಒತ್ತಾಯ ಮಾಡಿದೆವು. ಕೊನೆಗೆ ಅವರು ಪೆಟ್ಟಿಗೆಯ ಪರದೆ ನೋಡಿ, "ಗಾಳಿ ಉತ್ತಮವಾಗಿದೆ. ತುಂಬಾ ಚೊಕ್ಕವಾಗಿ ಇಟ್ಕೊಂಡಿದ್ದೀರಿ" ಎಂದರು.

ನಾವು ಚಪ್ಪಾಳೆ ತಟ್ಟಿದೆವು. ಹೌದು, ನಾವೇ. ಸರ್ಕಾರದವರ ಬಾಯಿಂದ ಚೊಕ್ಕ ಇದ್ದೀರಿ ಎಂಬ ಮಾತು ನಮ್ಮಂಥವರ ಕಿವಿಗೆ ಬೀಳುವುದು ಅಪರೂಪ. ಅಕ್ಕನ ಮುಖ ಅರಳಿತ್ತು. ಸಾವ್ಕಾರರ ಮುಖ ಅದಕ್ಕಿಂತ ಹೆಚ್ಚು ಅರಳಿತ್ತು. ಅವರು ಮೋಸ ಮಾಡಲಿಲ್ಲ. ಆ ತೊಂದರೆಯನ್ನು ನಾವು ಅವರಿಗೆ ಕೊಡಲೇ ಇಲ್ಲ.

ಕಾರು ಹೋದ ಮೇಲೆ ಅವರು ಕೈ ಕೊಡವಿ ಹೇಳಿದರು. "ಛಲೋ ಆತು. ಇನ್ನ ಫ್ಯಾನಿನ ಗದ್ದಲ ಇಲ್ಲ. ನಾಳಿಂದ ಡಬ್ಬಿ ತುಂಬೂದು ಚಾಲೂ ಮಾಡೂಣು."

ಆಗ ತಿಳಿಯಿತು, ನಾವು ನೀರು ಹೊಡೆದದ್ದು ನಮ್ಮ ಫ್ಯಾನಿನ ಮೇಲೆ.

ಮರುದಿನ ನೆಲ ಒಣಗಿತು, ತಾಡಪತ್ರಿ ತೆಗೆದೆವು. ವಿಮಾನದ ಅವಸರ ಬೇರೆ. ದಿನಕ್ಕಿಂತ ಹೆಚ್ಚು ಚೀಲ ಸುರಿದರು. ಮಧ್ಯಾಹ್ನದ ರೊಟ್ಟಿ ಬಿಚ್ಚುವ ಮೊದಲೇ ಅಕ್ಕ ಎದ್ದು ಗೋಡೆ ಹಿಡಿದಳು. ನಾನು ಅವಳ ಬೆನ್ನು ತಿಕ್ಕುತ್ತಿದ್ದೆ. ಇನ್ನೊಬ್ಬಳು ನೀರು ತಂದಳು. ಒಂದು ಗುಟುಕು ನುಂಗಲೂ ಅವಳಿಗೆ ಆಗುತ್ತಿರಲಿಲ್ಲ. ಹೊರಗೆ ಹೊತ್ತುಕೊಂಡು ಹೋಗಿ ಬೇವಿನ ಮರದ ಬುಡದಲ್ಲಿ ಕೂಡಿಸಿದೆವು. ಅವಳ ತುಟಿ ನೀಲಿಯಾಗಿದ್ದವು. ಆ ಹೊತ್ತಿಗೆ ಹುಬ್ಬಳ್ಳಿಯ ಕಡೆ ಒಂದು ವಿಮಾನ ತಗ್ಗಾಗಿ ಹಾರಿಹೋಯಿತು. ಅದರ ಮೇಲೆ ನನಗೆ ಎಂಥಾ ಸಿಟ್ಟು ಬಂತೆಂದರೆ, ಕೈಯಲ್ಲಿ ಕಲ್ಲಿದ್ದರೆ ಒಗೆದೇಬಿಡುತ್ತಿದ್ದೆ. ತಪ್ಪು ವಿಮಾನದ್ದಲ್ಲ ಎಂದು ನನಗೂ ಗೊತ್ತು. ಆದರೂ ಸಿಟ್ಟಿಗೆ ಏನಾದರೂ ಎದುರಿಗೆ ಕಾಣಬೇಕಲ್ಲ.

ಸಂಜೆ, ಅಕ್ಕನ ಉಸಿರು ಹದಕ್ಕೆ ಬಂದ ಮೇಲೆ, ನಾನು ಸಾವ್ಕಾರರ ಮನೆಗೆ ಹೋದೆ. ಮನೆ ಗೋದಾಮಿನ ಹಿಂದೆಯೇ ಇದೆ, ಹೊಸದಾಗಿ ಮೇಲೊಂದು ಅಂತಸ್ತು ಎಬ್ಬಿಸಿದ್ದರು. ಅವರು ಜೋಕಾಲಿಯಲ್ಲಿ ಕುಳಿತಿದ್ದರು.

"ಇನ್ನೊಮ್ಮೆ ಗಾಳಿ ಅಳಸರಿ ಸಾವ್ಕಾರ್ರ. ಕೆಲಸ ನಡದಾಗ ಅಳಸರಿ."

"ಸರ್ಕಾರದ ಮಶೀನು ಸುಳ್ಳ ಹೇಳ್ತೈತೇನವಾ?"

"ಮಶೀನು ಸುಳ್ಳ ಹೇಳಿಲ್ರಿ. ನಾವು ಅದಕ್ಕ ಖರೇ ತೋರಿಸಿಲ್ಲ."

ಅವರು ಜೋಕಾಲಿ ನಿಲ್ಲಿಸಿದರು. ದನಿ ಏರಿಸಲಿಲ್ಲ, ಅವರಿಗೆ ಆ ಅಭ್ಯಾಸವಿಲ್ಲ. "ನೋಡ ತಂಗಿ, ಈಗ ಇದನ್ನ ಎಬ್ಬಿಸಿದ್ರ ವಿಮಾನದ ಮಾಲು ನಿಲ್ತೈತಿ. ಮಾಲು ನಿಂತ್ರ ಗೋದಾಮು ನಿಲ್ತೈತಿ. ಆಮ್ಯಾಲೆ ಇಷ್ಟೂ ಮಂದಿ ನಿನ್ನ ಮನಿ ಮುಂದ ಬಂದು ಕುಂದರ್ತಾರ. ವಿಚಾರ ಮಾಡು."

ನಾನು ವಿಚಾರ ಮಾಡಿದೆ. ದಾರಿಯುದ್ದಕ್ಕೂ ಮಾಡಿದೆ. ಅವರು ಹೇಳಿದ್ದು ನಿಜವೂ ಆಗಬಹುದಿತ್ತು, ಅದೇ ನನ್ನನ್ನು ಹೆಚ್ಚು ಕೆಣಕಿತು. ಯಾವಾಗಲೂ ಹೀಗೆಯೇ. ನಮ್ಮ ಹೊಟ್ಟೆಯನ್ನು ನಮ್ಮ ಎದೆಯ ಎದುರಿಗೆ ನಿಲ್ಲಿಸಿ, ಯಾವುದು ಬೇಕು ಆರಿಸಿಕೊ ಎನ್ನುತ್ತಾರೆ. ಎರಡೂ ನಮ್ಮವೇ ಅಲ್ಲವೇ? ನಾವೇಕೆ ಒಂದನ್ನು ಬಿಡಬೇಕು?

ಮರುದಿನ ಕೆಲಸಕ್ಕೆ ಹೋಗಲಿಲ್ಲ. ಬಸ್ಸು ಹತ್ತಿ ಧಾರವಾಡಕ್ಕೆ ಹೋದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಸರ್ಕಾರದ ಒಂದು ನೀತಿಯ ಮೇಲೆ ತಕರಾರು ಮಾಡಲು ಸರ್ಕಾರದ ಇನ್ನೊಂದು ನೀತಿಯ ಬಸ್ಸಿನಲ್ಲಿ ಹೋದೆ ಎಂದು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಆಫೀಸಿನಲ್ಲಿ ಆ ಮೇಡಂ ಸಿಕ್ಕರು. ನನ್ನ ಗುರುತು ಹಿಡಿದರು, ಕೂರಿಸಿದರು. ನಾನು ಎಲ್ಲವನ್ನೂ ಒದರಿದೆ. ಅವರು ಹಣೆ ಮೇಲೆ ಕೈ ಇಟ್ಟುಕೊಂಡು ಕೇಳಿದರು.

"ನಾವು ಬಂದಾಗ ಕೆಲಸ ನಿಂತಿತ್ತಲ್ಲಮ್ಮಾ?"

"ನೀವು ಬರ್ತೀರಿ ಅಂತನ ನಿಂತಿತ್ರಿ."

"ಹಾಗೆ ಅಂತ ಆವತ್ತೇ ಹೇಳಬಾರದಿತ್ತಾ?"

"ಮನಿಗೆ ಬಂದವರ ಮುಂದ ನಮ್ಮ ಮನಿ ಹೊಲಸೈತ್ರಿ ಅಂತ ಯಾರರ ಹೇಳ್ತಾರೇನ್ರಿ ಮೇಡಂ? ಮಿರ್ಚಿ ತಿನಿಸೂದು ಬಿಟ್ಟು?"

ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಆಮೇಲೆ ಗಂಭೀರವಾಗಿ, ಕೆಲಸ ನಡೆಯುತ್ತಿದೆಯೇ ಎಂದು ತಾನು ಕೇಳಬೇಕಿತ್ತು, ಕೇಳದ್ದು ತನ್ನ ತಪ್ಪು ಎಂದರು. ಸರ್ಕಾರದ ಕುರ್ಚಿಯಲ್ಲಿ ಕುಳಿತವರು ಹೀಗೆ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ಮತ್ತೊಮ್ಮೆ ಬರುತ್ತೇನೆ, ಆದರೆ ಮಾಲೀಕರಿಗೆ ಮೊದಲೇ ತಿಳಿಸಿಯೇ ಬರಬೇಕು, ಅದು ನಿಯಮ ಎಂದರು. ಅಂದರೆ ಮತ್ತೆ ನೀರು ಬೀಳುವುದು ಗ್ಯಾರಂಟಿ ಎಂದು ನನಗೆ ಆಗಲೇ ಗೊತ್ತಾಯಿತು.

ಹಾಗೇ ಆಯಿತು. ತಿಳಿಸಿದ ದಿನವೇ ಸಾವ್ಕಾರರು ನಮ್ಮ ಬಳಿ ಬಂದರು. ನನ್ನ ಕಡೆ ನೋಡಲಿಲ್ಲ. "ಹ್ವಾದ ಸಲ ಭಾಳ ಚಂದ ಮಾಡಿದ್ರಿ. ಈ ಸಲಾನೂ ಹಂಗ ಆಗಬೇಕು. ನೀರಿನ ಟ್ಯಾಂಕರ್ ಹೇಳೇನಿ" ಎಂದು ಹೋದರು.

ಆವತ್ತು ಸಂಜೆ ನಾವು ಹೆಂಗಸರು ನಮ್ಮ ಮನೆಯ ಕಟ್ಟೆಯ ಮೇಲೆ ಕೂಡಿದೆವು. ನನ್ನ ಮಾತು ಒಂದೇ. ಮೇಡಂ ಬರುವ ದಿನ ಒಂದು ಹನಿ ನೀರು ಬೀಳಬಾರದು, ಕಸಬರಿಗೆ ಮುಟ್ಟಬಾರದು, ರಂಗೋಲಿ ಬೇಡ. ದಿನಾ ಹೇಗೆ ಚೀಲ ಸುರಿಯುತ್ತೇವೆಯೋ ಹಾಗೇ ಸುರಿಯಬೇಕು. ಕೆಲಸ ಹೋದೀತೆಂದು ಅವರು ಹೆದರುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ಆ ಮಾತು ಎತ್ತಲಿಲ್ಲ. ಅವರಿಗೆ ಹೆದರಿಕೆ ಹುಟ್ಟಿಸಿದ್ದು ಒಣ ಅಂಗಳ.

ನಮ್ಮಲ್ಲಿ ಥಳಿ ಬೀಳದ, ರಂಗೋಲಿ ಕಾಣದ ಅಂಗಳ ಎಂದರೆ ಒಂದೇ ಅರ್ಥ. ಆ ಮನೆಯಲ್ಲಿ ಹೆಣ ಇದೆ. ಬೀದಿಯಲ್ಲಿ ಹೋಗುವವರು ಅದನ್ನು ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದು ಅಳುತ್ತಾರೆ. ಅಂಥ ಅಂಗಳಕ್ಕೆ ಬೇಕೆಂದೇ ಮಂದಿಯನ್ನು ಕರೆಯುವುದೆಂದರೆ ಸಾವನ್ನು ಕೂಗಿ ಕರೆದಂತೆ ಎಂದು ಹೆಂಗಸರು ಒಂದೇ ಸಮನೆ ಹೇಳಿದರು. ಎಲ್ಲರಿಗಿಂತ ಹೆಚ್ಚು ಹಟ ಹಿಡಿದವಳು ಯಾರೆಂದುಕೊಂಡಿರಿ? ಅಕ್ಕ. ಯಾರ ಉಸಿರಿಗಾಗಿ ನಾನು ಧಾರವಾಡದ ಮೆಟ್ಟಿಲು ಹತ್ತಿ ಬಂದಿದ್ದೆನೋ ಅವಳೇ.

"ನನ್ನ ಸಲುವಾಗಿ ಅಂಗಳ ಒಣಾ ಬಿಡಬ್ಯಾಡ ಬೇ" ಎಂದಳು. ಕಣ್ಣಲ್ಲಿ ನೀರಿತ್ತು. "ನಾ ಇನ್ನೂ ಜೀವಂತ ಅದೇನಿ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಮುಂದಾಯಿತು.

"ಜೀವಂತ ಇರ್ಲಿ ಅಂತನ ಒಣಾ ಬಿಡೂದು! ಅಕ್ಕಾ, ನೀರು ಹೊಡದು ಹೊಡದು ನಾವು ಏನು ಮುಚ್ಚಾಕತ್ತೇವಿ? ನಿನ್ನ ಕೆಮ್ಮು ಮುಚ್ಚಾಕತ್ತೇವಿ. ನಾಳೆ ನೀ ಸತ್ತ ದಿನ ನಿನ್ನ ಅಂಗಳಕ್ಕ ಹೆಂಗಿದ್ರೂ ಯಾರೂ ನೀರು ಹೊಡ್ಯಂಗಿಲ್ಲ. ಆ ದಿನಾ ಬ್ಯಾಡ, ಈಗ ಒಂದು ದಿನಾ ಬಿಡು."

ಹಿರಿಯಳಿಗೆ, ಅದೂ ರೋಗದವಳಿಗೆ, ಸಾವಿನ ಮಾತು ಎದುರಿಗೇ ಆಡುವುದು ನಮ್ಮಲ್ಲಿ ದೊಡ್ಡ ಅಪರಾಧ. ನಾನು ಆಡಿದೆ. ಇವತ್ತಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದಳು. ಒಪ್ಪಿದಳೋ ಇಲ್ಲವೋ ಹೇಳಲಿಲ್ಲ.

ಆ ದಿನ ಬಂತು. ಗೋದಾಮಿನ ಅಂಗಳ ಹಿಂದಿನ ಸಂಜೆ ನಾವು ಬಿಟ್ಟು ಹೋದಂತೆಯೇ ಇತ್ತು. ಮುರಿದ ತುಂಬು, ಉದುರಿದ ಬೀಜ, ಕೆಂಪು ದೂಳು. ಟ್ಯಾಂಕರ್ ಬಂದು ಸಿಮೆಂಟಿನ ತೊಟ್ಟಿ ತುಂಬಿಸಿ ಹೋಗಿತ್ತು. ತೊಟ್ಟಿಯ ಬಾಜುವಿನಲ್ಲಿ ಬಕೆಟ್ಟುಗಳು ಸಾಲಾಗಿ ಇದ್ದವು. ಒಬ್ಬೊಬ್ಬರೇ ಬಂದೆವು, ಬಕೆಟ್ಟಿನ ಪಕ್ಕದಿಂದಲೇ ಹಾದು ಒಳಗೆ ಹೋಗಿ ನಮ್ಮ ನಮ್ಮ ಜಾಗದಲ್ಲಿ ಕುಳಿತೆವು. ಸಾವ್ಕಾರರು ಬಾಗಿಲಲ್ಲಿ ನಿಂತು ನೋಡಿದರು.

"ಏನವಾ, ನೀರು ಹೊಡ್ಯೂದಿಲ್ಲೇನ?"

ನಾವು ಒಂದೊಂದು ಕಾಯಿ ಎತ್ತಿಕೊಂಡು ತುಂಬು ಮುರಿಯತೊಡಗಿದೆವು.

"ಅವರು ಬರೂ ಹೊತ್ತಾತು. ಏಳ್ರಿ, ಏಳ್ರಿ."

ಯಾರೂ ಏಳಲಿಲ್ಲ. ನಮ್ಮ ಬೆರಳು ಮಾತ್ರ ಆಡುತ್ತಿದ್ದವು. ಆಮೇಲೆ ಸಾವ್ಕಾರರು ಧೋತರದ ಚುಂಗು ಎತ್ತಿ ಕಟ್ಟಿ, ತಾವೇ ಬಕೆಟ್ಟು ತುಂಬಿಕೊಂಡರು. ಹುಟ್ಟಿದಾಗಿನಿಂದ ಥಳಿ ಹೊಡೆದವರಲ್ಲ. ಅಂಗೈಯಲ್ಲಿ ನೀರು ತೆಗೆದುಕೊಂಡು ಬೀಸಿ ಚಿಮುಕಿಸಬೇಕು, ಅವರು ಬಕೆಟ್ಟನ್ನೇ ಬಗ್ಗಿಸಿದರು. ನೀರು ಒಂದೇ ಕಡೆ ನಿಂತು ಕೆಸರಾಯಿತು, ಅವರ ಪಾದ ಅದರಲ್ಲಿ ಜಾರಿತು. ನಮ್ಮಲ್ಲಿ ಒಬ್ಬಳಿಗೆ ಕಿಸಕ್ಕನೆ ನಗು ಬಂತು. ಅವರು ಹಟಕ್ಕೆ ಬಿದ್ದು ಇನ್ನೊಂದು ಬಕೆಟ್ಟು ತುಂಬಿಕೊಂಡು ಒಳಗೆ ಬರತೊಡಗಿದರು.

ಆಗ ಅಕ್ಕ ಎದ್ದಳು. ಅವಳಿಗೆ ನೋಡಲಾಗಲಿಲ್ಲ, ಇನ್ನು ತಾನೇ ಚಂದಾಗಿ ಹೊಡೆದುಬಿಡುತ್ತಾಳೆ, ನಮ್ಮ ಹಟ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವಳು ಹೋಗಿ ಎರಡೂ ಕೈ ಚಾಚಿದಳು.

"ಕೊಡ್ರಿ ಸಾವ್ಕಾರ್ರ. ಗಂಡಸರ ಕೈಯಾಗ ಇದು ಶೋಭಿಸಂಗಿಲ್ಲ."

ಅವರು ನಿರಾಳವಾಗಿ ಕೊಟ್ಟರು. ಅವಳು ಬಕೆಟ್ಟು ಎತ್ತಿಕೊಂಡು ಬಾಗಿಲು ದಾಟಿ, ಅಂಗಳ ದಾಟಿ, ಬೇವಿನ ಮರದ ಬುಡಕ್ಕೆ ಅಷ್ಟೂ ನೀರನ್ನು ಸುರಿದಳು. ಖಾಲಿ ಬಕೆಟ್ಟನ್ನು ಅಲ್ಲೇ ಬೋರಲು ಹಾಕಿದಳು. ಮರಳಿ ಬಂದು ತನ್ನ ಜಾಗದಲ್ಲಿ ಕುಳಿತು, ಸೆರಗನ್ನು ಮೂಗಿಗೆ ಬಿಗಿದುಕೊಂಡು ಒಂದು ಕಾಯಿ ಎತ್ತಿಕೊಂಡಳು. ಸಾವ್ಕಾರರ ಕಡೆ ತಿರುಗಿ ನೋಡಲೂ ಇಲ್ಲ. ಅವಳನ್ನು ಅಪ್ಪಿಕೊಳ್ಳಬೇಕು ಎನ್ನಿಸಿತು. ಖಾರದ ಕೈ, ಸುಮ್ಮನೆ ಕುಳಿತೆ.

ಮೇಡಂ ಬಂದಾಗ ಚೀಲಗಳನ್ನು ಸುರಿಯುತ್ತಿದ್ದೆವು. ಡ್ರೈವರು ಪೆಟ್ಟಿಗೆ ಇಟ್ಟು ಓಡಿಹೋದ. ಮೇಡಂ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಒಂದು ಮೂಲೆಯಲ್ಲಿ ನಿಂತರು, ಕಣ್ಣೀರು ಸುರಿಯುತ್ತಿತ್ತು. ಈ ಸಲ ನಾವು ಸುಸಲ ಕೊಡಲಿಲ್ಲ, ಚಹಾ ಕೊಡಲಿಲ್ಲ. ಕುಂದರ್ರಿ ಎಂದೂ ಹೇಳಲಿಲ್ಲ. ಹಾಗೆ ಹೇಳದೆ ಇರಲು ನಾಲಿಗೆ ಕಚ್ಚಿಕೊಳ್ಳಬೇಕಾಯಿತು. ಸಾವ್ಕಾರರು ಬಾಗಿಲಲ್ಲಿ ನಿಂತು ಏನೋ ವಿವರಿಸಲು ಹೋಗಿ ಕೆಮ್ಮತೊಡಗಿದರು. ಆ ಕೆಮ್ಮು ನಿಲ್ಲದೆ ಹೊರಗೆ ಹೋದರು. ಮೇಡಂ ನಡುವೆ ಒಮ್ಮೆ ಅಕ್ಕನ ಬಳಿ ಬಂದು, ನೀವಾದರೂ ಹೊರಗೆ ಹೋಗಿ ಎಂದರು. ಅಕ್ಕ ತಲೆ ಅಲ್ಲಾಡಿಸಿದಳು.

"ಇಲ್ರಿ. ಅದು ಅಳ್ಯೂ ತನಕಾ ನಾ ಏಳಂಗಿಲ್ಲ."

ಪೆಟ್ಟಿಗೆಯ ಪರದೆ ಕೆಂಪಾಯಿತು. ಎಷ್ಟು ಅಂಕಿ ಬಂತೆಂದು ನಾನು ಕೇಳಲಿಲ್ಲ. ಮೇಡಂ ಸಾವ್ಕಾರರನ್ನು ಮರದ ಕೆಳಗೆ ಕರೆದು, ಹಳೆಯ ಪರವಾನಗಿ ರದ್ದು, ಗೋಡೆಗೆ ದೊಡ್ಡ ಫ್ಯಾನು ಹಾಕದೆ ಇಲ್ಲಿಯ ಒಂದು ಡಬ್ಬಿಯೂ ವಿಮಾನ ಹತ್ತುವುದಿಲ್ಲ ಎಂದು ನಮಗೆ ಕೇಳುವಂತೆ ಹೇಳಿದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕನನ್ನು ಹೊರಗೆ ಕರೆತಂದು ಕೂಡಿಸುವುದೇ ನಮಗೆ ಕೆಲಸವಾಗಿತ್ತು.

ಸಾವ್ಕಾರರು ನಮ್ಮನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ತುಂಬು ಬಿಡಿಸುವವರು ಯಾರು? ವಿಮಾನದ ಆಸೆ ಅವರಿಗೆ ನಮ್ಮ ಮೇಲಿನ ಸಿಟ್ಟಿಗಿಂತ ದೊಡ್ಡದಿತ್ತು. ಆದರೆ ಕಂಜೂಸಿ ಬಿಡಲಿಲ್ಲ. ದೂಳು ಹಿಡಿಯುವ ಚೀಲ, ಮೇಲಕ್ಕೆ ಒಯ್ಯುವ ಎತ್ತರದ ಪೈಪು, ಇವನ್ನೆಲ್ಲ ಆಮೇಲೆ ನೋಡೋಣ ಎಂದು ಬರೀ ಫ್ಯಾನು ತಂದರು. ಮುಂದಿನ ಗೋಡೆಗೆ ಹಾಕಿದರೆ ಅಂಗಳದ ಅಂದ ಕೆಡುತ್ತದೆಂದು ಹಿಂದಿನ ಗೋಡೆ ಒಡೆದು ಕೂರಿಸಿದರು. ಹಿಂದೆ ಏನಿದೆ ಎಂಬುದು ಆ ಅವಸರದಲ್ಲಿ ಅವರಿಗೇ ನೆನಪಾಗಲಿಲ್ಲ. ಹಿಂದೆ ಅವರ ಮನೆ ಇತ್ತು.

ಫ್ಯಾನು ಹಾಕಿದ ದಿನ ಅಕ್ಕನೇ ಬಟನ್ ಒತ್ತಿದಳು. ಗಡಗಡ ಎಂದು ತಿರುಗತೊಡಗಿತು. ಕೆಂಪು ದೂಳು ನಮ್ಮ ತಲೆಯ ಮೇಲಿಂದ ಎದ್ದು ಸಾಲುಗಟ್ಟಿ ಹಿಂದಿನ ಗೋಡೆಯ ಕಡೆ ಹೋಗುವುದನ್ನು ನಾವು ಕೆಲಸ ಬಿಟ್ಟು ನೋಡಿದೆವು. ಒಬ್ಬಳು ಮೂಗಿಗೆ ಕಟ್ಟಿದ ಸೆರಗು ಬಿಚ್ಚಿದಳು. ಆಮೇಲೆ ಇನ್ನೊಬ್ಬಳು. ಆ ಗೋದಾಮಿನೊಳಗೆ ಕೆಲಸದ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಅಕ್ಕ ಕೆಮ್ಮಿದಳು, ಕೆಮ್ಮು ನಿಂತಿತು. ನಿಂತದ್ದು ಅವಳಿಗೇ ಸೋಜಿಗವಾಯಿತು.

ಸ್ವಲ್ಪ ಹೊತ್ತಿಗೆ ಸಾವ್ಕಾರರು ಓಡುತ್ತ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಒಂದರ ಮೇಲೊಂದು ಸೀನು.

"ಬಂದ್ ಮಾಡ್ರಿ ಅದನ್ನ! ಮ್ಯಾಲಿನ ಮನಿ ತುಂಬ ಘಾಟ ತುಂಬೇತಿ! ನಮ್ಮವರು ಅಡಗಿ ಬಿಟ್ಟು ಹೊರಗ ಓಡಿ ಬಂದ್ರು! ಬಂದ್ ಮಾಡ್ರಿ ಮೊದಲ!"

ಅವರು ಬಟನ್ನಿನ ಕಡೆ ಕೈ ಚಾಚಿದರು. ಅಕ್ಕ ಅದಕ್ಕೆ ಬೆನ್ನು ಹಚ್ಚಿ ನಿಂತಳು. ನಾನು ಎದ್ದು ಅವಳ ಬಾಜು ನಿಂತೆ. ನನ್ನ ಹಿಂದೆ ಉಳಿದವರು ಏಳುವ ಸದ್ದು ಕೇಳಿಸಿತು.

"ಎತ್ತರದ ಪೈಪು ಹಾಕಸ್ರಿ, ಘಾಟ ಮುಗಿಲಿಗೆ ಹೊಕ್ಕೈತಿ" ಎಂದೆ ನಾನು.

"ಹಾಕಸ್ತೇನಿ, ನಾಳೇನ ಹಾಕಸ್ತೇನಿ! ಅಲ್ಲೀತನಕಾ ಬಂದ್ ಮಾಡ್ರಿ ಅಂದ್ರ! ಮನ್ಯಾಗ ಉಸರಾಡಾಕ ಆಗವಲ್ದು!"

ಇಷ್ಟು ವರ್ಷ ಆಗದ್ದು ನಾಳೆಯೇ ಆಗುತ್ತದಂತೆ. ಅವರ ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು, ನನಗೆ ಒಂದು ಗಳಿಗೆ ಅಯ್ಯೋ ಎನ್ನಿಸಿದ್ದೂ ನಿಜ. ಅಕ್ಕ ಮಾತ್ರ ಅಲುಗಲಿಲ್ಲ. ಏದುಸಿರಿಲ್ಲದೆ, ಒಂದೇ ಉಸಿರಿನಲ್ಲಿ, ಅಗದಿ ಮೆತ್ತಗೆ ಹೇಳಿದಳು.

"ನಿಮ್ಮ ಮನಿ ಕಿಟಕಿ ಹಾಕ್ಕೋರಿ ಸಾವ್ಕಾರ್ರ. ನಮಗ ಹಾಕ್ಕೊಳ್ಳಾಕ ಕಿಟಕಿನ ಇದ್ದಿದ್ದಿಲ್ಲ."